ಮದ್ದಿನ ಕಾಯಿದೆಯ ಎರಡನೇ ಕಲಂ

ಮಾರ್ಚ್ 4, ಮಂಗಳವಾರ

148ಕ್ಕೆ 92. ರಕ್ತದೊತ್ತಡವನ್ನು ದಿನಾ ಬರೆದಿಡಬೇಕು ಎಂದು ಕ್ಲಿನಿಕ್ಕಿನ ನರ್ಸ್ ಹೇಳಿದ್ದಾಳೆ. ಬರೆಯಲು ಸೋಮಾರಿತನ. ಕೆಲಸ ಮುಗಿಸಿ ಕಾರಿನಲ್ಲಿ ಕೂತು ಫೋನಿಗೆ ಹೇಳುತ್ತೇನೆ, ಅದೇ ಅಕ್ಷರ ಮಾಡಿಕೊಳ್ಳುತ್ತದೆ. ಅಂಕಿ ನರ್ಸಿಗೆ, ಉಳಿದದ್ದು ನನಗೆ. ಐವತ್ತು ವರ್ಷದ ಗಂಡಸು ಪುರಸಭೆಯ ನೆಲಮಾಳಿಗೆಯಲ್ಲಿ ಒಬ್ಬನೇ ಹಳೇ ಕಾಗದ ಕಾಯುತ್ತಾ ಕೂತರೆ ಸಾಯಂಕಾಲದ ಹೊತ್ತಿಗೆ ಬಾಯಿ ತುಂಬ ಮಾತು ಮಿಕ್ಕಿರುತ್ತದೆ.

ಇವತ್ತು ವಕೀಲೆ ಕಾರ್ಲಾ ಡ್ರೆಶರ್ ಕೆಳಗೆ ಇಳಿದು ಬಂದಳು. ಪುರಸಭೆಯ ವಕೀಲೆಯಾಗಿ ಹನ್ನೊಂದು ವರ್ಷವಾಯಿತು, ನನ್ನ ದಾಖಲೆ ಕೋಣೆಗೆ ಬಂದದ್ದು ಇದು ಮೂರನೇ ಸಲ. ಕೈಯಲ್ಲಿ ಪಿಸ್ತಾ ಪೊಟ್ಟಣ. ತಿನ್ನುತ್ತಾ ಮಾತಾಡಿದಳು, ಮಾತಾಡುತ್ತಾ ಸಿಪ್ಪೆಗಳನ್ನು 1871ರ ತೆರಿಗೆ ಪುಸ್ತಕದ ಮೇಲೆ ಸಾಲಾಗಿ ಜೋಡಿಸಿದಳು. ಸಿಪ್ಪೆಗೆ ಎಂಜಲಿತ್ತು. ನನಗೆ ಮೈ ಜುಂ ಅಂದಿತು.

ವಿಷಯ ಡೆನ್ವರ್ ಪ್ರುಯಿಟ್‌ನದು. ಕಲ್ಲುಗಣಿ ರಸ್ತೆಯಲ್ಲಿ ಅವನದೊಂದು ತಗಡಿನ ಷೆಡ್ಡು. ಹಳೇ ಕಾಲದ ಬಂದೂಕಿಗೆ ಹಾಕುವ ಕರಿಮದ್ದು, ಗುಂಡು ತಗುಲಿದರೆ ಢಂ ಎನ್ನುವ ಆಟದ ಗುರಿಗಳು, ಇವನ್ನು ಪೀಪಾಯಿಗಟ್ಟಲೆ ಇಟ್ಟು ಮಾರುತ್ತಾನೆ. ಹೋದ ಅಕ್ಟೋಬರಿನಲ್ಲಿ ಅವನ ಸೋದರಳಿಯನಿಗೆ ಹುಟ್ಟುವ ಮಗು ಗಂಡೋ ಹೆಣ್ಣೋ ಎಂದು ಬಣ್ಣದ ಸ್ಫೋಟದಿಂದ ತಿಳಿಸುವ ಪಾರ್ಟಿ ಮಾಡಿದರು. ಮೂವತ್ತು ಪೌಂಡು ಒಟ್ಟಿಗೇ ಸಿಡಿಸಿದರು. ಹದಿನಾಲ್ಕು ಮನೆಯ ಕಿಟಕಿ ಗಾಜು ಉದುರಿ, ಬೀದಿ ತುಂಬ ನೀಲಿ ಧೂಳು. ಗಂಡು ಮಗು.

ವಾಸದ ಮನೆಯಿಂದ ಮುನ್ನೂರು ಅಡಿಯೊಳಗೆ ಇಪ್ಪತ್ತೈದು ಪೌಂಡಿಗಿಂತ ಹೆಚ್ಚು ಮದ್ದು ಇಡಬಾರದು ಎಂದು ಪುರಸಭೆ ಕಾಯಿದೆ ಮಾಡಿತು. ಆಯುಧ ಹೊಂದುವ ನನ್ನ ಹಕ್ಕಿಗೆ ಧಕ್ಕೆಯಾಯಿತು ಎಂದು ಪ್ರುಯಿಟ್ ಕೋರ್ಟಿಗೆ ಹೋದ. ಕೋರ್ಟು ಈಗ ಕೇಳುವುದು ಒಂದೇ ಪ್ರಶ್ನೆ: ಹಳಬರು ಹೀಗೆ ಮಾಡಿದ್ದರೇ? ಗುಲಾಮಗಿರಿ ಕೊನೆಗಾಣಿಸಿದ ಅಂತರ್ಯುದ್ಧಕ್ಕೂ ಮೊದಲಿನ ಒಂದು ಕಾಯಿದೆ ತೋರಿಸಿದರೆ ನಮ್ಮದು ಉಳಿಯುತ್ತದೆ, ಇಲ್ಲದಿದ್ದರೆ ಬೀಳುತ್ತದೆ. ಹದಿನಾಲ್ಕು ಮನೆಯ ಗಾಜು ಲೆಕ್ಕಕ್ಕಿಲ್ಲ. ಬದುಕಿರುವವರ ಕಿವಿಯ ಪಕ್ಕ ಮದ್ದು ಇಡಬೇಡ ಎನ್ನಲು ಸತ್ತವರ ಅಪ್ಪಣೆ ಬೇಕು. ಇದನ್ನು ಕಾರ್ಲಾ ಹವಾಮಾನ ಹೇಳಿದ ಹಾಗೆ ಹೇಳಿದಳು.

ಹುಡುಕುತ್ತೇನೆ ಎಂದೆ. ಅವಳು ಹೋದ ಮೇಲೆ ಸಿಪ್ಪೆಗಳನ್ನು ಇಕ್ಕಳದಲ್ಲಿ ತೆಗೆದೆ.

ಮಾರ್ಚ್ 6, ಗುರುವಾರ

151ಕ್ಕೆ 90. ಎರಡು ದಿನ ಕಾಯಿದೆ ಪುಸ್ತಕ ಬಿಚ್ಚಿದ್ದಾಯಿತು. ಹಾಳೆಗಿಂತ ಇಲಿ ಹಿಕ್ಕೆ ಹೆಚ್ಚು. ನಮ್ಮೂರು ಸ್ಟೋವರ್ಸ್ ಫೆರ್ರಿಯ ಹಿರಿಯರು ಏನೇನಕ್ಕೆ ಕಾಯಿದೆ ಮಾಡಿಲ್ಲ ಹೇಳಿ. ಭಾನುವಾರ ಬೀದಿಯಲ್ಲಿ ಬಂದೂಕು ಹಾರಿಸಬಾರದು. ಇನ್ನೊಬ್ಬರ ಹಂದಿಗೆ ಗುರಿಯಿಡಬಾರದು. ಅಂಗಿಯೊಳಗೆ ಬಾಕು ಬಚ್ಚಿಟ್ಟುಕೊಂಡು ಮದುವೆಗೆ ಬರಬಾರದು. ಒಂದೊಂದು ಕಾಯಿದೆಯ ಹಿಂದೆಯೂ ಅದನ್ನು ಮಾಡಿದವನೊಬ್ಬ ಇದ್ದೇ ಇರುತ್ತಾನೆ. ಸುಮ್ಮನೆ ಕೂತು ಯಾರೂ ಹಂದಿಯ ಬಗ್ಗೆ ಬರೆಯುವುದಿಲ್ಲ.

ನಡುವೆ ಮೇಲಿನಿಂದ ನೋಟಿಸುಗಳ ಕಟ್ಟು ಬಂತು, ಮೊಹರು ಹಾಕಲು. ಯಾರದೋ ಹುಲ್ಲು ಉದ್ದವಾಗಿದೆ, ಯಾರದೋ ಜಗಲಿಯ ಮೇಲೆ ಸಿಲಿಂಡರುಗಳಿವೆ. ಏಳಕ್ಕೂ ಒತ್ತಿ ಕಳಿಸಿದೆ.

ಮಾರ್ಚ್ 11, ಮಂಗಳವಾರ

ಸಿಕ್ಕಿತು. ರಕ್ತದೊತ್ತಡ ನೋಡಲಿಲ್ಲ, ನೋಡುವ ಧೈರ್ಯವಿಲ್ಲ.

1852ರ ಮದ್ದಿನ ಕಾಯಿದೆ. ಮೊದಲನೇ ಕಲಂ ಓದಿ ಕುರ್ಚಿಯಿಂದ ಎದ್ದು ನಿಂತೆ. ಪಟ್ಟಣದೊಳಗೆ ಯಾರೂ ಇಪ್ಪತ್ತೈದು ಪೌಂಡಿಗಿಂತ ಹೆಚ್ಚು ಮದ್ದು ಇಡತಕ್ಕದ್ದಲ್ಲ. ಹೆಚ್ಚಿನದು ನದಿಯ ಕೆಳಗಿನ ಕಲ್ಲಿನ ಮದ್ದಿನ ಮನೆಯಲ್ಲಿರಬೇಕು. ಪೀಪಾಯಿಗೆ ತಾಮ್ರದ ಬಳೆ, ಕಬ್ಬಿಣ ಕೂಡದು. ಒಳಗೆ ಹೋಗುವವನು ಮೊಳೆಯಿರುವ ಬೂಟು ಬಿಚ್ಚಿ ಉಣ್ಣೆಯ ಚಪ್ಪಲಿ ಹಾಕಬೇಕು. ಅದೇ ಇಪ್ಪತ್ತೈದು ಪೌಂಡು. ಕಾರ್ಲಾ ಬರೆದಳೋ ಅವರು ಬರೆದರೋ ಎನ್ನುವಷ್ಟು ಹೊಂದಿಕೆ.

ಹಾಳೆಯ ಕೆಳಗೆ ಎರಡನೇ ಕಲಂ.

'ಕರಿಯ ಅಥವಾ ಮಿಶ್ರ ರಕ್ತದ ಯಾವನೇ ಆಗಲಿ, ಸ್ವತಂತ್ರನಾಗಿದ್ದರೂ ಸರಿ, ಮದ್ದನ್ನು ಯಾವ ಪ್ರಮಾಣದಲ್ಲೂ ಇಟ್ಟುಕೊಳ್ಳಕೂಡದು. ಇಟ್ಟುಕೊಂಡಲ್ಲಿ ಬೆನ್ನಿನ ಮೇಲೆ ಇಪ್ಪತ್ತು ಛಡಿಯೇಟು. ಅವನ ಸಾಮಾನು ಪಟ್ಟಣಕ್ಕೆ ಜಪ್ತು.'

ಬರೆದವನ ಅಕ್ಷರ ಎಷ್ಟು ಮುದ್ದಾಗಿದೆ ಎಂದರೆ, ಇಪ್ಪತ್ತು ಎನ್ನುವ ಪದದ ಬಾಲವನ್ನು ಬಳ್ಳಿಯ ಹಾಗೆ ಸುತ್ತಿ ಬಿಟ್ಟಿದ್ದಾನೆ. ಛಡಿಯೇಟಿಗೆ ಅಲಂಕಾರ ಮಾಡುವಷ್ಟು ಪುರಸೊತ್ತು ಇತ್ತಲ್ಲ ಅವನಿಗೆ.

ಮಾರ್ಚ್ 14, ಶುಕ್ರವಾರ

155ಕ್ಕೆ 94. ಕಾರ್ಲಾ ಹಾಳೆಯನ್ನು ಎರಡು ಸಲ ಓದಿದಳು. ಆಮೇಲೆ ಎಡಗೈ ಅಂಗೈಯನ್ನು ಎರಡನೇ ಕಲಮಿನ ಮೇಲೆ ಇಟ್ಟು ಮುಚ್ಚಿದಳು.

"ಇಷ್ಟು ಭಾಗಕ್ಕೆ ಮೊಹರು ಹಾಕಿ ಕೊಡು, ಲೋರೆನ್."

ನನ್ನ ಮೊಹರಿನ ಕೆಳಗೆ ಬರೆಯುವ ಒಕ್ಕಣೆ ಇದು: ಮೂಲದ ಪೂರ್ಣ ಮತ್ತು ಯಥಾವತ್ತಾದ ನಕಲು. ನನಗಿಂತ ಮೊದಲು ಈ ಕುರ್ಚಿಯಲ್ಲಿದ್ದ ಮಿಸ್ ಯೂನಿಸ್ ಕಲಿಸಿದ್ದು ಅಷ್ಟೇ, ಇಡೀ ಹಾಳೆ ಇಲ್ಲವೇ ಏನೂ ಇಲ್ಲ. ತುಣುಕು ಕೊಡಬಹುದು ಎಂದು ನಿಯಮದಲ್ಲೇನೋ ಇದೆ. ಈ ಕೋಣೆಯಿಂದ ಯಾವತ್ತೂ ತುಣುಕು ಹೋಗಿಲ್ಲ. ಆಗುವುದಿಲ್ಲ ಎಂದೆ.

ಅವಳು ಕೂಗಾಡಲಿಲ್ಲ. ಅದು ಸತ್ತುಹೋದ ಕಲಂ, ಯುದ್ಧವಾದ ಮೇಲೆ ಅದಕ್ಕೆ ಜೀವವಿಲ್ಲ, ಸತ್ತದ್ದನ್ನು ಎಳೆದು ತಂದು ಯಾಕೆ ನಾರಿಸುತ್ತೀಯ ಎಂದಳು. ಎದುರು ವಕೀಲನ ಕೈಗೆ ಇದು ಸಿಕ್ಕರೆ ನಿಮ್ಮ ಇಡೀ ಕಾಯಿದೆಯೇ ಕೊಳೆತದ್ದು ಅಂತ ಹೇಳುತ್ತಾನೆ ಎಂದಳು. ಎರಡೂ ನಿಜ. ನಿಜವನ್ನು ಅಷ್ಟು ಸಲೀಸಾಗಿ ಹೇಳುವವರನ್ನು ಕಂಡರೇ ನನಗೆ ಆಗುವುದಿಲ್ಲ. ಯೋಚಿಸುತ್ತೇನೆ ಎಂದು ಕಳಿಸಿದೆ.

ಮಧ್ಯಾಹ್ನ ಪ್ರುಯಿಟ್ ಬಂದ. ಅವನಿಗೂ ಹಳೇ ಕಾಯಿದೆಗಳ ನಕಲು ಬೇಕಂತೆ, ಅರ್ಜಿ ಬರೆದು ತಂದಿದ್ದ. ಬಾಗಿಲಲ್ಲೇ ಟೋಪಿ ತೆಗೆದ. ತಾನೇ ಒಣಗಿಸಿದ ಜಿಂಕೆ ಮಾಂಸದ ಪೊಟ್ಟಣ ಮೇಜಿನ ಮೇಲಿಟ್ಟ. ಒರಟನಾಗಿದ್ದರೆ ಎಷ್ಟು ಸಲೀಸಾಗಿರುತ್ತಿತ್ತು.

"ಲೋರೆನ್, ನೀನೇ ಹೇಳು. ನಾನೇನು ಕಳ್ಳನಾ? ಬೀಗ ಹಾಕಿ ಇಟ್ಟಿದ್ದೀನಿ, ಬೋರ್ಡ್ ಹಾಕಿದ್ದೀನಿ. ಅಕ್ಟೋಬರಿಂದು ಒಂದು ತಪ್ಪಾಯ್ತು, ಒಪ್ಪಿದೆ. ಎಲ್ಲರ ಮನೆಗೂ ಹೋಗಿ ಸಾರಿ ಕೇಳಿದೆ."

"ಗಾಜು?"

"ಗಾಜಿಗೆ ಇನ್ಶೂರೆನ್ಸ್ ಇರತ್ತಲ್ಲ."

ಮಾಂಸದ ಪೊಟ್ಟಣವನ್ನು ಅವನು ಹೋದ ಮೇಲೆ ಕಸದ ಡಬ್ಬಿಗೆ ಹಾಕಿದೆ. ಆಮೇಲೆ ಕಸದ ಡಬ್ಬಿಯನ್ನೇ ಹೊರಗಿಟ್ಟೆ.

ಮಾರ್ಚ್ 20, ಗುರುವಾರ

150ಕ್ಕೆ 95. ಇವತ್ತು ಮಿಸ್ ವರ್ಲೀನ್ ಮಬ್ರಿ ಬಂದಿದ್ದರು. ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿ ನಿವೃತ್ತರಾದವರು. ಊರಿನ ಅರ್ಧ ಜನ ಅವರ ಕನ್ನಡಿಯ ಕಣ್ಣಿಗೆ ಹೆದರಿ ಬೆಳೆದದ್ದು, ನನ್ನ ತಮ್ಮನೂ ಸೇರಿ. ಪ್ರುಯಿಟ್‌ನ ಷೆಡ್ಡಿಗೂ ಅವರ ಅಡುಗೆಮನೆಗೂ ನಡುವೆ ಒಂದು ಬೇಲಿ, ನಲವತ್ತು ಅಡಿ ಹುಲ್ಲು.

ನೋಟಿಸು ಮುಂದಿಟ್ಟರು. ಜಗಲಿಯ ಮೇಲೆ ಒತ್ತಡದ ಅನಿಲದ ಸಿಲಿಂಡರುಗಳನ್ನು ಇಟ್ಟಿದ್ದೀರಿ, ಮೂವತ್ತು ದಿನದೊಳಗೆ ತೆಗೆಯಿರಿ. ಅವು ಅವರ ಅಕ್ಕ ಇಡೆಲ್ ಉಸಿರಾಡುವ ಆಕ್ಸಿಜನ್. ಸರಬರಾಜಿನವನು ಜಗಲಿಯಲ್ಲಿ ಇಳಿಸಿ ಹೋಗುತ್ತಾನೆ, ಇವರು ಒಂದೊಂದಾಗಿ ಒಳಗೆ ಉರುಳಿಸಿಕೊಳ್ಳುತ್ತಾರೆ.

"ಪಕ್ಕದ ಪೀಪಾಯಿಗಳನ್ನ ನೋಡಿ ಅಂತ ನಾನು ನಾಲ್ಕು ಸಲ ಫೋನ್ ಮಾಡಿದೆ. ನಾಲ್ಕನೇ ಸಲಕ್ಕೆ ಒಬ್ಬ ಬಂದ. ಕೇಸು ನಡೀತಿದೆ, ಆ ಕಡೆ ನೋಡೋ ಹಾಗಿಲ್ಲ ಅಂದ. ಬಂದಿದ್ದೀನಲ್ಲ ಅಂತ ನನ್ನ ಜಗಲಿ ನೋಡ್ಕೊಂಡು ಹೋದ." ಕನ್ನಡಕ ಒರೆಸಿಕೊಂಡರು. "ಪಾಪ, ಖಾಲಿ ಕೈಲಿ ವಾಪಸ್ ಹೋಗೋಕಾಗತ್ತಾ."

ಕೆಳಗೆ ಲೋರೆನ್ ಟ್ಯಾಕೆಟ್ ಎಂಬ ಹೆಸರಿನ ಮೊಹರು. ನನ್ನದೇ, ಮಾರ್ಚ್ ಆರನೇ ತಾರೀಕಿನದು. ಸ್ವಲ್ಪ ಓರೆಯಾಗಿ ಬಿದ್ದಿತ್ತು.

ನಿಯಮದ ಪುಸ್ತಕ ತೆಗೆದು ನೋಡಿದೆ. ರೋಗಿಯ ಆಕ್ಸಿಜನ್ನಿಗೆ ಆ ನಿಯಮ ಅನ್ವಯಿಸುವುದೇ ಇಲ್ಲ ಎಂದು ಎರಡನೇ ಪುಟದಲ್ಲೇ ಇದೆ. ಬಂದವನು ಓದಿಲ್ಲ. ನೋಟಿಸು ಹಿಂತೆಗೆಯಬೇಕು ಎಂದು ಬರೆದು ಮೇಲೆ ಕಳಿಸಿದೆ. ಮಿಸ್ ವರ್ಲೀನ್ ಥ್ಯಾಂಕ್ಸ್ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಕೇಸು ಏನಾಗತ್ತೆ ಎಂದು ಕೇಳಿದರು. ಹಳೇ ಕಾಯಿದೆ ಸಿಕ್ಕಿದೆ, ಒಳ್ಳೇದಿದೆ ಎಂದೆ. ಎರಡನೇ ಕಲಂ ನಾಲಗೆಯ ತುದಿಗೆ ಬಂದಿತ್ತು. ನುಂಗಿದೆ. ಕಪ್ಪು ಜನಾಂಗದ ಹೆಂಗಸು, ಅವರಿಗೆ ಯಾಕೆ ಆ ಹೊಲಸು ತಿನ್ನಿಸಬೇಕು.

ಮಾರ್ಚ್ 27, ಗುರುವಾರ

ಇವತ್ತು ಏನೂ ತಿಂದಿಲ್ಲ. ಬೊಲೋನಿ ಮಾಂಸದ ಸ್ಯಾಂಡ್‌ವಿಚ್ ಪೊಟ್ಟಣದಲ್ಲೇ ಬೆವರುತ್ತಾ ಕೂತಿದೆ.

ಕಾರ್ಲಾ ಕೇಳಿದ್ದು ಕಾಯಿದೆ ಪುಸ್ತಕ ಮಾತ್ರ. ನಾನು ಚಟಕ್ಕೆ ಬಿದ್ದು ನಡಾವಳಿ ಪುಸ್ತಕಗಳನ್ನೂ ತೆಗೆದೆ. ಆ ಕಾಯಿದೆ ಬರೀ ಬರೆದಿಟ್ಟದ್ದೋ ಅಥವಾ ಯಾರ ಮೇಲಾದರೂ ಹಾಕಿದರೋ ನೋಡೋಣ ಎಂದು. 1856ರ ಜೂನ್ ಒಂಬತ್ತರ ಸಭೆ. ಒಂದೇ ಹಾಳೆ.

ಮೇಲಿನ ಅರ್ಧ: ಬಾವಿ ತೋಡುವ ಸ್ವತಂತ್ರ ಕರಿಯ ಸೈರಸ್ ಮಬ್ರಿ ಎಂಬವನು ದೂರು ಕೊಟ್ಟಿದ್ದಾನೆ. ಸಹಿಯ ಬದಲು ಗೀಟು. ತನ್ನ ಗುಡಿಸಲಿಗೆ ಅಂಟಿದ ಉಗ್ರಾಣದಲ್ಲಿ ಬಿಳಿಯ ವರ್ತಕ ಜೋಸಾಯ ಥಾರ್ನ್ ಇಪ್ಪತ್ತು ಪೀಪಾಯಿ ಮದ್ದು ಇಟ್ಟಿದ್ದಾನೆ, ತನಗೆ ಮಕ್ಕಳಿದ್ದಾರೆ. ಸಭೆ ಪರಿಶೀಲಿಸಿತು. ನಿಜ. ಮೂರು ದಿನದೊಳಗೆ ಪೀಪಾಯಿಗಳನ್ನು ಮದ್ದಿನ ಮನೆಗೆ ಸಾಗಿಸಬೇಕೆಂದು ಥಾರ್ನ್‌ಗೆ ಆಜ್ಞೆ. ಅಂಚಿನಲ್ಲಿ ಬೇರೆ ಶಾಯಿಯಲ್ಲಿ, ಸಾಗಿಸಲಾಯಿತು.

ಕೆಳಗಿನ ಅರ್ಧ: ಪರಿಶೀಲನೆಗೆ ಹೋದ ಪೇದೆಯು ದೂರುದಾರನ ಮನೆಯನ್ನೂ ನೋಡಲಾಗಿ, ಬಾವಿಯ ಬಂಡೆ ಒಡೆಯಲು ತಂದು ಮಿಕ್ಕಿದ್ದ ಮದ್ದು, ದನದ ಕೊಂಬಿನಲ್ಲಿ ತುಂಬಿಟ್ಟದ್ದು, ಒಂದು ಕೊಂಬಿನಷ್ಟು, ಸಿಕ್ಕಿತು. ಎರಡನೇ ಕಲಮಿನ ಪ್ರಕಾರ ಶಿಕ್ಷೆ. ಕೆಲಸದ ಸಾಮಾನು ಜಪ್ತು. ಆಮೇಲೆ ಸಾಮಾನಿನ ಪಟ್ಟಿ.

ಕೋಣೆಯ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತೆ. ನಮ್ಮಲ್ಲಿ ಮಬ್ರಿ ಎನ್ನುವ ಮನೆತನ ಒಂದೇ.

ಏಪ್ರಿಲ್ 2, ಬುಧವಾರ

146ಕ್ಕೆ 88. ಬಹಳ ದಿನಕ್ಕೆ ಇಳಿದಿದೆ. ಯಾಕೆ ಇಳಿಯಬಾರದು, ಮಾಡಬೇಕಾದದ್ದನ್ನು ಮಾಡಿದ್ದೇನೆ.

ಕಾಯಿದೆಯ ಇಡೀ ಹಾಳೆ, ಎರಡೂ ಕಲಂ, ಎರಡು ನಕಲು. ಮೊಹರಿನ ಹಿಡಿಯನ್ನು ಮೈಭಾರ ಬಿಟ್ಟು ಒತ್ತಿದೆ. ಒಂದು ಕಾರ್ಲಾಗೆ, ಒಂದು ಪ್ರುಯಿಟ್‌ನ ವಕೀಲನಿಗೆ. ಕಾರ್ಲಾ ಮುಖ ಕೆಂಪಗೆ ಮಾಡಿಕೊಂಡು, "ನಿಂಗೆ ಕೈ ತೊಳ್ಕೊಂಡಿರೋದೇ ಒಂದು ದೊಡ್ಡ ಕೆಲಸ" ಎಂದಳು. ಹೌದು, ದೊಡ್ಡ ಕೆಲಸವೇ. ಈ ಕಟ್ಟಡದಲ್ಲಿ ಯಾರೂ ಮಾಡದ ಕೆಲಸ. ಒಬ್ಬಳಿಗೆ ಗೆಲ್ಲಬೇಕು, ಒಬ್ಬನಿಗೆ ಮಾರಬೇಕು, ಮೇಲೆ ಕೂತವರಿಗೆ ಮತ ಬೇಕು. ನೂರೆಪ್ಪತ್ತು ವರ್ಷದ ಹಿಂದೆ ಒಬ್ಬನ ಬೆನ್ನಿನ ಚರ್ಮ ಸುಲಿದ ಕಾಯಿದೆಯನ್ನು ತಮಗೆ ಬೇಕಾದಷ್ಟು ಕೊಯ್ದು ಪ್ಲೇಟಿಗೆ ಹಾಕಿಕೊಳ್ಳುತ್ತಾರೆ. ನನ್ನ ಕೋಣೆಯಿಂದ ಹಾಗೆ ಕೊಯ್ದದ್ದು ಹೋಗುವುದಿಲ್ಲ. ಒಬ್ಬನಾದರೂ ನೆಟ್ಟಗಿರಬೇಕಲ್ಲ. ಮಿಸ್ ವರ್ಲೀನ್‌ಗೆ ಗೊತ್ತಾದರೆ ಅವರೂ ಹೀಗೇ ಹೇಳುತ್ತಾರೆ.

ನಡಾವಳಿ ಹಾಳೆಯನ್ನು ಯಾರೂ ಕೇಳಿಲ್ಲ. ನಾನೂ ಹೇಳಿಲ್ಲ. ಅದು ಒಳಗೇ ಇರಲಿ, ಅಲ್ಲಿ ಅದಕ್ಕೆ ಮರ್ಯಾದೆ ಇದೆ.

ಏಪ್ರಿಲ್ 9, ಬುಧವಾರ

ಅಂಕಿ ಇಲ್ಲ. ಯಂತ್ರ ಮನೆಯಲ್ಲಿದೆ.

ಕೋರ್ಟಿನಲ್ಲಿ ಇವತ್ತು ವಿಚಾರಣೆ. ನಾನು ಸಾಕ್ಷಿ, ಹಾಳೆ ನಮ್ಮ ದಾಖಲೆಯದೇ ಎಂದು ಹೇಳಲು. ಹೇಳಿ ಬಂದು ಕೂತೆ. ಮೂರು ಸಾಲು ಹಿಂದೆ ಮಿಸ್ ವರ್ಲೀನ್ ಇದ್ದರು, ಭಾನುವಾರದ ಟೋಪಿ ಹಾಕಿಕೊಂಡು.

ಪ್ರುಯಿಟ್‌ನ ವಕೀಲ, ಕೆಂಪು ಟೈಯವನು, ರಾಜಧಾನಿಯಿಂದ ಬಂದವನು, ಎದ್ದು ನಿಂತು ಎರಡನೇ ಕಲಂ ಓದಿದ. ಇಡೀದು ಓದಿದ. ಇಪ್ಪತ್ತು ಎನ್ನುವಲ್ಲಿ ನಿಂತು ನೀರು ಕುಡಿದ. ಓದಿ, ಇಂಥ ನಾಚಿಕೆಗೇಡಿನ ಕಾಯಿದೆಯ ಮೇಲೆ ಪುರಸಭೆ ಇವತ್ತು ನಿಲ್ಲಬಯಸುತ್ತದೆಯೇ ಎಂದು ಕೇಳಿದ. ದನಿಯಲ್ಲಿ ನೋವೋ ನೋವು. ಅವನ ಕಕ್ಷಿಗಾರನ ಪೀಪಾಯಿ ಪಕ್ಕ ಮಲಗುವವರು ಯಾರು ಎಂದು ಅವನಿಗೆ ಗೊತ್ತಿಲ್ಲ. ಗೊತ್ತಿದ್ದರೂ ಅಷ್ಟೇ ಚೆನ್ನಾಗಿ ಓದುತ್ತಿದ್ದ.

ನಾನು ಹಿಂದೆ ತಿರುಗಿ ನೋಡಲಿಲ್ಲ.

ನ್ಯಾಯಾಧೀಶರು ಕಾರ್ಲಾಳನ್ನು ಕೇಳಿದರು, ಈ ಕಾಯಿದೆಯ ಮೊದಲನೇ ಕಲಮನ್ನು ಯಾವನಾದರೂ ಬಿಳಿಯನ ಮೇಲೆ ಎಂದಾದರೂ ಹಾಕಿದ್ದುಂಟೇ, ಅಥವಾ ಇಡೀ ಕಾಯಿದೆ ಕರಿಯರನ್ನು ಹೊಡೆಯಲು ಮಾತ್ರವೇ. ಕಾರ್ಲಾ ಕಡತ ತಿರುವಿಹಾಕಿದಳು. ಹತ್ತು ದಿನದೊಳಗೆ ಪುರಾವೆ ತೋರಿಸಿ, ಇಲ್ಲದಿದ್ದರೆ ನಿಮ್ಮ ಕಾಯಿದೆ ಬೀಳುತ್ತದೆ ಎಂದರು.

ಜೋಸಾಯ ಥಾರ್ನ್. ಇಪ್ಪತ್ತು ಪೀಪಾಯಿ. ಮೂರು ದಿನ. ಸಾಗಿಸಲಾಯಿತು. ಇಡೀ ಕೋರ್ಟಿನಲ್ಲಿ ಆ ಉತ್ತರ ಗೊತ್ತಿದ್ದವನು ನಾನೊಬ್ಬ, ತೊಡೆಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದೆ.

ಹೊರಗೆ ಕಾರು ನಿಲ್ಲಿಸುವಲ್ಲಿ ಮಿಸ್ ವರ್ಲೀನ್ ನನ್ನ ಕಾರಿಗೆ ಒರಗಿ ನಿಂತಿದ್ದರು.

"ನಿಮಗೆ ಇದು ಮೊದಲೇ ಗೊತ್ತಿತ್ತು. ಅವತ್ತು ನಾನು ಕೌಂಟರಿಗೆ ಬಂದಾಗ್ಲೇ ಗೊತ್ತಿತ್ತು."

ಹೌದು ಎಂದೆ. ನಿಮಗೆ ನೋವಾಗಬಾರದು ಅಂತ ಹೇಳಲಿಲ್ಲ ಎಂದೆ.

"ನಂಗೆ ನೋವಾಗಬಾರದು ಅಂತ ಕೋರ್ಟಲ್ಲಿ ಓದಿಸಿದ್ರಾ."

ಕೂಗಲಿಲ್ಲ. ಬಸ್ಸಿನಲ್ಲಿ ನಲವತ್ತು ಮಕ್ಕಳನ್ನು ಸುಮ್ಮನಾಗಿಸುತ್ತಿದ್ದ ದನಿ ಅದೇ ಇರಬೇಕು. ನಿಯಮ ಅದು, ಇಡೀ ಹಾಳೆ ಕೊಡಬೇಕು ಎಂದು ಶುರುಮಾಡಿದೆ. ನನ್ನ ಮಾತು ನನಗೇ ಕಾರ್ಲಾಳ ಪಿಸ್ತಾ ಸಿಪ್ಪೆಯ ಹಾಗೆ ಕೇಳಿಸಿತು. ಅವರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಹೋದರು.

ಏಪ್ರಿಲ್ 10, ಗುರುವಾರ

ಹೇಳಲು ಏನಿಲ್ಲ.

ಏಪ್ರಿಲ್ 12, ಶನಿವಾರ

ಬೆಳಿಗ್ಗೆ ಕಲ್ಲುಗಣಿ ರಸ್ತೆಗೆ, ಮಿಸ್ ವರ್ಲೀನ್ ಮನೆಗೆ ಹೋದೆ. ನಡಾವಳಿ ಪುಸ್ತಕ ಹೊರಗೆ ತರುವ ಹಾಗಿಲ್ಲ, ಹಾಳೆಯ ಫೋಟೋ ತೆಗೆದು ದೊಡ್ಡದಾಗಿ ಅಚ್ಚು ಹಾಕಿಸಿದ್ದೆ.

ಕಿಟಕಿಗಳಿಗೆ ಇನ್ನೂ ಪ್ಲೈವುಡ್ಡೇ ಇದೆ, ಒಂದಕ್ಕೆ ಮಾತ್ರ ಗಾಜು ಬಂದಿದೆ, ಸಿಂಕಿನ ಮೇಲಿನದಕ್ಕೆ. ಅದರಿಂದ ಕಾಣುವುದು ಷೆಡ್ಡಿನ ತಗಡು. ಜಗಲಿಯಲ್ಲಿ ಎರಡು ಸಿಲಿಂಡರು ಬಂದು ಬಿದ್ದಿದ್ದವು, ಒಳಗೆ ಉರುಳಿಸಿ ತಂದೆ. ಅಕ್ಕ ಇಡೆಲ್ ಮೂಲೆಯ ಕುರ್ಚಿಯಲ್ಲಿ, ಮೂಗಿಗೆ ನಳಿಕೆ. ಅಕ್ಟೋಬರಿನ ನಂತರ ಅವರಿಗೆ ಬಲಗಿವಿ ಪೂರ್ತಿ ಹೋಗಿದೆ, ಎಡಗಿವಿ ಅಷ್ಟಿಷ್ಟು. ನನ್ನನ್ನು ಗ್ಯಾಸಿನವನು ಎಂದುಕೊಂಡರು. ಇರಲಿ.

ಇದ್ದದ್ದನ್ನು ಅಲಂಕಾರ ಮಾಡದೆ ಹೇಳಿದೆ. ಇದು ಹದಿನೈದು ದಿನದಿಂದ ನನ್ನ ಹತ್ತಿರ ಇದೆ, ನಾನು ಬಚ್ಚಿಟ್ಟೆ, ಇದರಲ್ಲಿ ನಿಮ್ಮವರಿದ್ದಾರೆ. ಮಿಸ್ ವರ್ಲೀನ್ ಕೈ ಒರೆಸಿಕೊಂಡು ಓದಿದರು. ಒಲೆಯ ಮೇಲೆ ಬೀನ್ಸ್ ಕುದಿಯುತ್ತಿತ್ತು. ತಳ ಹಿಡಿಯುವ ವಾಸನೆ ಬಂದ ಮೇಲೆ ಎದ್ದು ಉರಿ ಸಣ್ಣ ಮಾಡಿ ಮತ್ತೆ ಮೊದಲಿನಿಂದ ಓದಿದರು.

"ಬಾವಿ ತೋಡ್ತಿದ್ರು ಅಂತ ಅಜ್ಜಿ ಹೇಳೋಳು. ಆಮೇಲೆ ಯಾಕೆ ಬಿಟ್ರು ಅಂತ ಹೇಳ್ಲಿಲ್ಲ."

ನ್ಯಾಯಾಧೀಶರು ಕೇಳಿದ ಪುರಾವೆ ಮೇಲಿನ ಅರ್ಧದಲ್ಲಿದೆ ಎಂದೆ. ಈ ಹಾಳೆ ಕೊಟ್ಟರೆ ಪೀಪಾಯಿ ಹೋಗುತ್ತವೆ. ಆದರೆ ಕೆಳಗಿನದೂ ಜೊತೆಗೆ ಹೋಗುತ್ತದೆ.

"ಮೇಲಿನರ್ಧ ಊರಿನ ಕೆಲಸ. ಅದನ್ನ ಕೊಡಿ. ಕೆಳಗಿನರ್ಧ ನಮ್ಮನೆಯೋರದು. ಆ ಕೆಂಪು ಟೈಯವನ ಬಾಯಲ್ಲಿ ಒಂದ್ಸಲ ಕೇಳಿದ್ದೀನಿ, ಸಾಕು."

"ಇಡೀ ಹಾಳೆಯಿಲ್ಲದೆ ನಾನು ಮೊಹರು ಹಾಕೋದಿಲ್ಲ, ಮಿಸ್ ವರ್ಲೀನ್. ಇಪ್ಪತ್ತೆರಡು ವರ್ಷದಿಂದ ಹಾಕಿಲ್ಲ."

"ಹಂಗಾದ್ರೆ ನಿಮ್ಮ ಇಪ್ಪತ್ತೆರಡು ವರ್ಷ ಕ್ಲೀನಾಗಿರತ್ತೆ ಟ್ಯಾಕೆಟ್ ಅವರೇ. ನಮ್ಮ ಬೇಲಿಯಾಚೆ ಪೀಪಾಯಿನೂ ಇರತ್ತೆ."

ಬೀನ್ಸು, ಜೋಳದ ರೊಟ್ಟಿ ಬಡಿಸಿದರು. ತಳ ಹಿಡಿದಿತ್ತು. ಎರಡು ಸಲ ಹಾಕಿಸಿಕೊಂಡೆ.

ಏಪ್ರಿಲ್ 14, ಸೋಮವಾರ

ಹಾಳೆಯ ಮೇಲರ್ಧದ ನಕಲು ತೆಗೆದೆ. ಒಕ್ಕಣೆಯಲ್ಲಿ 'ಪೂರ್ಣ' ಎನ್ನುವುದನ್ನು ಪೆನ್ನಿನಿಂದ ಹೊಡೆದು 'ಭಾಗಶಃ' ಎಂದು ಬರೆದು, ಪಕ್ಕದಲ್ಲಿ ಸಹಿ ಹಾಕಿದೆ. ಮೊಹರು ಒತ್ತಿದೆ. ಉಳಿದ ಭಾಗ ಯಾರಾದರೂ ಅರ್ಜಿ ಹಾಕಿದರೆ ಕೊಡಲೇಬೇಕು, ಭಾಗಶಃ ಎಂದು ಬರೆದ ಮೇಲೆ ಕಣ್ಣಿದ್ದವನಿಗೆ ಕಾಣುತ್ತದೆ.

ಕಾರ್ಲಾ ಹಾಳೆ ನೋಡಿದಳು, ಒಕ್ಕಣೆ ನೋಡಿದಳು, ನನ್ನ ಮುಖ ನೋಡಿದಳು. ಪಿಸ್ತಾ ಪೊಟ್ಟಣ ಮುಂದೆ ಚಾಚಿದಳು. ನಾಲ್ಕು ತಿಂದೆ. ಉಪ್ಪು ಜಾಸ್ತಿ.

ಮಧ್ಯಾಹ್ನ ಒಂದು ಗಂಟೆಯಿಂದ ಐದರವರೆಗೆ ಮೆಟ್ಟಿಲ ಸದ್ದಿಗೆ ಕಿವಿಗೊಟ್ಟು ಕೂತಿದ್ದೆ. ಇನ್ನೂ ಐದು ದಿನ ಹಾಗೇ ಕೂರಬೇಕು.

ಏಪ್ರಿಲ್ 25, ಶುಕ್ರವಾರ

ಕೆಂಪು ಟೈಯವನ ಕಡೆಯಿಂದ ಯಾರೂ ಕೆಳಗೆ ಬರಲಿಲ್ಲ. ಅರ್ಜಿ ಹಾಕಲಿಲ್ಲ. ನೆಲಮಾಳಿಗೆಗೆ ಇಳಿಯಲು ಅವರಿಗೂ ಅಸಹ್ಯವಿರಬೇಕು.

ತೀರ್ಪು ಬಂತು. ನಮ್ಮ ಕಾಯಿದೆ ಉಳಿಯಿತು. ಹತ್ತು ದಿನದೊಳಗೆ ಪೀಪಾಯಿ ಸಾಗಿಸಬೇಕು. ತೀರ್ಪಿನ ಆರನೇ ಪುಟದಲ್ಲಿ ಜೋಸಾಯ ಥಾರ್ನ್‌ನ ಹೆಸರು ಎರಡು ಸಲ ಇದೆ. ದೂರು ಕೊಟ್ಟವನು 'ನೆರೆಯವನೊಬ್ಬ'. ಮೇಯರ್ ಕೇಕ್ ತರಿಸಿದ್ದರು, ಮೇಲೆ ಸಕ್ಕರೆಯಲ್ಲಿ ಪೀಪಾಯಿಯ ಚಿತ್ರ. ಅದನ್ನು ಮಾಡಿಸಲು ಯಾರಿಗೆ ತೋಚಿತೋ. ತಿನ್ನದೆ ಇಳಿದು ಬಂದೆ.

ಪ್ರುಯಿಟ್ ಹೊಸ ಜಾಗ ನೋಡಿದ್ದಾನಂತೆ. ಊರ ಗಡಿಯಾಚೆ, ಕೋಳಿ ಕಾರ್ಖಾನೆಯ ಕೆಲಸಗಾರರು ವಾಸಿಸುವ ಟ್ರೈಲರು ಮನೆಗಳ ಹಿಂದೆ. ಅಲ್ಲಿಗೆ ನಮ್ಮ ಕಾಯಿದೆ ಮುಟ್ಟುವುದಿಲ್ಲ. ಅಲ್ಲಿಯವರು ದೂರು ಕೊಡಲು ಯಾವ ಕಟ್ಟಡಕ್ಕೆ ಹೋಗಬೇಕು ಎಂದು ಜಿಲ್ಲಾ ಕಚೇರಿಗೆ ಫೋನ್ ಮಾಡಿ ಕೇಳಿದೆ. ನೀವು ಯಾರು, ಅಲ್ಲಿ ವಾಸವೇ ಎಂದರು. ಅಲ್ಲ ಎಂದೆ. ಆದರೂ ಹೇಳಿ ಎಂದೆ. ಬರೆದುಕೊಂಡಿದ್ದೇನೆ.

ಮೇ 3, ಶನಿವಾರ

ಇಡೀ ಹಾಳೆಯ ನಕಲಿಗೆ ಮೊಹರು ಹಾಕಿ ಮಿಸ್ ವರ್ಲೀನ್‌ಗೆ ಕೊಡಲು ಹೋದೆ. ಪಕ್ಕದಲ್ಲಿ ಪ್ರುಯಿಟ್ ಟ್ರಕ್ಕಿಗೆ ಪೀಪಾಯಿ ಏರಿಸುತ್ತಿದ್ದ. ಕೈಯೆತ್ತಿದ. ನಾನೂ ಎತ್ತಿದೆ, ಅಭ್ಯಾಸಬಲ.

ಅಡುಗೆಮನೆಯಲ್ಲಿ ಇಡೆಲ್ ಅಕ್ಕನಿಗೆ ಅದನ್ನು ಓದಿ ಹೇಳಬೇಕು ಎಂದರು ಮಿಸ್ ವರ್ಲೀನ್. ತಮಗೆ ಗಂಟಲು ಕಟ್ಟಿದೆ, ನೀವೇ ಓದಿ. ಗಂಟಲು ಕಟ್ಟಿರಲಿಲ್ಲ. ನಾನು ಕುರ್ಚಿ ಎಳೆದುಕೊಂಡು ಎಡಗಿವಿಯ ಪಕ್ಕ ಕೂತು ಮೆಲ್ಲಗೆ ಶುರುಮಾಡಿದೆ.

"ಜೋರಾಗಿ," ಎಂದರು ಇಡೆಲ್.

ದೂರು, ಇಪ್ಪತ್ತು ಪೀಪಾಯಿ, ಮೂರು ದಿನ. ಜೋರಾಗಿಯೇ ಓದಿದೆ. ಕೆಳಗಿನ ಅರ್ಧಕ್ಕೆ ಬಂದಾಗ ದನಿ ತಾನೇ ಇಳಿಯಿತು.

"ಕೇಳಿಸ್ತಿಲ್ಲ. ಇನ್ನೂ ಜೋರಾಗಿ ಓದಪ್ಪ."

ಕೂಗಿದೆ. ಬೇರೆ ದಾರಿಯಿರಲಿಲ್ಲ. ಪೇದೆಯು ದೂರುದಾರನ ಮನೆಯನ್ನೂ ನೋಡಲಾಗಿ ಎಂದು ಕೂಗಿದೆ. ಒಂದು ಕೊಂಬಿನಷ್ಟು ಮದ್ದು ಎಂದು ಕೂಗಿದೆ. ಇಪ್ಪತ್ತು ಏಟು, ಅದೇ ದಿನ, ಮಾರುಕಟ್ಟೆಯ ಎದುರು. ಸಿಂಕಿನ ಮೇಲಿನ ಕಿಟಕಿ ತೆರೆದಿತ್ತು. ಹೊರಗೆ ಟ್ರಕ್ಕಿನ ಇಂಜಿನ್ ನಿಂತಿತು. ಕೇಳಿಸಿಕೊಳ್ಳಲು ನಿಲ್ಲಿಸಿದನೋ, ಹಗ್ಗ ಬಿಗಿಯಲು ನಿಲ್ಲಿಸಿದನೋ ಗೊತ್ತಿಲ್ಲ. ನಾನು ಓದುತ್ತಾ ಹೋದೆ. ಜಪ್ತಾದ ಸಾಮಾನು: ಬೈರಿಗೆ ಎರಡು. ಹಾರೆ ಒಂದು. ಸುತ್ತಿಗೆ ಮೂರು, ಒಂದಕ್ಕೆ ಹಿಡಿ ಇಲ್ಲ. ಬತ್ತಿ ತೂರಿಸುವ ತಾಮ್ರದ ಸೂಜಿ ಒಂದು. ರಾಟೆ ಮತ್ತು ಅರವತ್ತು ಅಡಿ ಹಗ್ಗ. ಬಕೆಟ್ಟು ಎರಡು.

ಮಿಸ್ ವರ್ಲೀನ್ ನಮಗೆ ಬೆನ್ನು ಹಾಕಿ ಸಿಂಕಿನ ಅಂಚು ಹಿಡಿದು ನಿಂತಿದ್ದರು.

ಇಡೆಲ್ ಕಣ್ಣು ಮುಚ್ಚಿಕೊಂಡಿದ್ದರು. ನಿದ್ದೆ ಬಂತೇನೋ ಎಂದುಕೊಂಡೆ.

"ಹಗ್ಗ ಅರವತ್ತು ಅಡಿ ಇತ್ತು ಅಂದ್ರೆ ಆಳದ್ದೇ ಬಾವಿ," ಎಂದರು. "ಯಾರ ಮನೇದು? ನೀರು ಬಂತಾ?"

ಗೊತ್ತಿಲ್ಲ ಎಂದೆ.

"ಹಾಳೇಲಿ ಇ‌ಲ್ವಾ?"

"ಈ ಹಾಳೇಲಿಲ್ಲ."

"ಬೇರೆ ಹಾಳೆ ಇರತ್ತಲ್ಲ," ಎಂದರು. ಕಣ್ಣು ಬಿಟ್ಟು, ಇನ್ನೂ ಯಾಕೆ ಕೂತಿದ್ದಾನೆ ಇವನು ಎನ್ನುವ ಹಾಗೆ ನನ್ನನ್ನು ನೋಡಿದರು.

ಈಗ ಪುರಸಭೆಯ ಹಿಂಬದಿ ನಿಲ್ಲಿಸಿದ್ದೇನೆ. ಶನಿವಾರ, ಕಟ್ಟಡ ಖಾಲಿ. ಕೀಲಿಕೈ ನನ್ನ ಹತ್ತಿರ ಇದೆ. 1856ರ ಬಾವಿ ಪರವಾನಗಿಗಳು ಮೇಲಿನ ಹಲಗೆಯಲ್ಲಿ, ಎಡದಿಂದ ಎರಡನೇ ಕಟ್ಟು. ಇದನ್ನು ಇಲ್ಲಿಗೆ ನಿಲ್ಲಿಸುತ್ತೇನೆ.